ಮನೆಯೊಳಗಿನ ಪಿಸ್ತೂಲು: ಕಿತ್ತೂರಿನಿಂದ ಸುರೇಬಾನದವರೆಗೆ



ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ಶಾಲಾ ಪ್ರವಾಸದಲ್ಲಿ ನೋಡಿರುತ್ತೀರಿ. ಹಳೆಯ ಆಯುಧಗಳ ಮುಂದೆ ನಿಂತಾಗ ಹುಡುಗರಿಗೆ ಹೊಳೆಯುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರಿಂದ ಎಷ್ಟು ದೂರ ಹೊಡೆಯಬಹುದು? ಮನೆಯಲ್ಲಿ ಹಿರಿಯರ ಪ್ರಶ್ನೆ ಬೇರೆ. ಬೈಲಹೊಂಗಲದಲ್ಲಿ ಅಡತಿ ಅಂಗಡಿ ಇಟ್ಟವರು, ಸವದತ್ತಿ ಕಡೆ ಹೊಲದ ನಡುವೆ ಒಂಟಿ ಮನೆ ಮಾಡಿಕೊಂಡವರು, ಕಳ್ಳತನದ ಸುದ್ದಿ ಕೇಳಿದ ಮರುದಿನ ಹೀಗೆ ಯೋಚಿಸುವುದುಂಟು: "ಒಂದು ಸಣ್ಣ ಪಿಸ್ತೂಲು ಇದ್ದರೆ ಹೇಗೆ? ಗುರಿ ಹೊಡೆಯುವ ಆಟಕ್ಕೂ ಆಯಿತು, ಮನೆಯ ಕಾವಲಿಗೂ ಆಯಿತು."

ಅಂಗಡಿಯವನು ಈ ಪ್ರಶ್ನೆಗೆ ನಳಿಗೆಯ ಉದ್ದ, ತೂಕ, ಬೆಲೆ ಹೇಳಿ ಉತ್ತರಿಸುತ್ತಾನೆ. ಇತಿಹಾಸದ ವಿದ್ಯಾರ್ಥಿ ಇನ್ನೊಂದು ರೀತಿಯಲ್ಲಿ ಉತ್ತರಿಸಬಹುದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಸುಮಾರು 35 ವರ್ಷಗಳೊಳಗೆ, ಅಂದರೆ 1824ರಿಂದ 1858ರ ನಡುವೆ, ಆಯುಧ ಕೈಯಲ್ಲಿದ್ದವರಿಗೆ ಏನಾಯಿತು ಎಂಬುದರ ನಾಲ್ಕು ಉದಾಹರಣೆಗಳಿವೆ. ಅವುಗಳಲ್ಲಿ ಒಂದಂತೂ ಸಾಕ್ಷಾತ್ ಕೈಬಂದೂಕಿನದೇ. ಮೊದಲು ಅವನ್ನು ನೋಡಿ, ಆಮೇಲೆ ಇಂದಿನ ಪಿಸ್ತೂಲಿಗೆ ಬರೋಣ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಸೈನ್ಯ ಮತ್ತು ತೋಪುಗಳೊಂದಿಗೆ ಬಂದು, ಕೋಟೆಯ ಬಾಗಿಲು ತೆರೆಯಲು ಗಡುವು ಕೊಟ್ಟ. ಬಾಗಿಲೇನೋ ತೆರೆಯಿತು, ಆದರೆ ಒಳಗಿನಿಂದ ರಾಣಿ ಚನ್ನಮ್ಮನ ಸೈನ್ಯ ಹೊರಗೆ ನುಗ್ಗಿತು. ಅಕ್ಟೋಬರ್ 23ರ ಆ ಕಾಳಗದಲ್ಲಿ ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಆಗಿನ ಬಂದೂಕು ಎಂಥದು ಎಂಬುದನ್ನು ಇಲ್ಲಿ ಗಮನಿಸಬೇಕು. ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಸಲಾಕೆಯಿಂದ ಗಿಡಿದು, ಬತ್ತಿಯಿಂದಲೋ ಚಕಮಕಿ ಕಲ್ಲಿನ ಕಿಡಿಯಿಂದಲೋ ಸಿಡಿಸಬೇಕು. ಚೆನ್ನಾಗಿ ಪಳಗಿದ ಸಿಪಾಯಿಯೂ ನಿಮಿಷಕ್ಕೆ ಮೂರು ಗುಂಡಿನ ಆಚೆ ಹೋಗುವುದು ಕಷ್ಟ. ಮಳೆ ಬಂದರೆ ಅದೂ ಇಲ್ಲ. ಅಂಥ ಆಯುಧದಿಂದ ಒಂದು ಗುಂಡು ಸರಿಯಾಗಿ ತಗುಲಿತು ಎಂದರೆ ಹೊಡೆದವನ ಕೈ, ಕಣ್ಣು, ಧೈರ್ಯ ಮೂರೂ ಒಂದಾಗಿದ್ದವು ಎಂದೇ ತಿಳಿಯಬೇಕು.

ಆದರೆ ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದಾಗ ಕೋಟೆ ಬಿತ್ತು. ಮದ್ದಿನ ಕೋಣೆಯಲ್ಲಿ ಒಳಗಿನವರೇ ಮೋಸ ಮಾಡಿ ಮದ್ದಿಗೆ ಸಗಣಿ ಬೆರೆಸಿದ್ದರು ಎಂದು ಈ ನಾಡಿನ ಜನ ಇಂದಿಗೂ ಹೇಳುತ್ತಾರೆ. ಇದು ಜನರ ನೆನಪಿನ ಮಾತು. ಕಾಗದಪತ್ರದ ಸಾಕ್ಷಿಯಷ್ಟೇ ತೂಕ ಇದಕ್ಕೆ ಕೊಡಲಾಗದು. ಆದರೂ ಸೋಲಿನ ಕಾರಣವನ್ನು ಜನ ಎಲ್ಲಿ ಹುಡುಕಿದರು ನೋಡಿ: ತೋಪಿನ ಅಳತೆಯಲ್ಲಿ ಅಲ್ಲ, ಮದ್ದಿನ ಕೋಣೆಯ ಕೀಲಿಕೈ ಯಾರ ಹತ್ತಿರ ಇತ್ತು ಎಂಬುದರಲ್ಲಿ.

ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು; 1829ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು, ಸಮಾಧಿಯೂ ಅಲ್ಲಿಯೇ ಇದೆ. ಆ ಬಳಿಕ ಸಂಗೊಳ್ಳಿ ರಾಯಣ್ಣ ಎದ್ದ. ಕಂಪನಿಯ ಕಚೇರಿಗಳನ್ನೂ ಕಾಗದಪತ್ರಗಳನ್ನೂ ಸುಡುತ್ತ ಕಾಡಿನಲ್ಲಿ ಹೋರಾಡಿದ ಅವನನ್ನು ಎದುರಿನಿಂದ ಹಿಡಿಯಲು ಕಂಪನಿಗೆ ಆಗಲಿಲ್ಲ. 1830ರಲ್ಲಿ ಅವನು ಡೋರಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ, ಆಯುಧವನ್ನು ನಂಬಿದವನ ಕೈಯಲ್ಲಿ ಕೊಟ್ಟಿದ್ದಾಗ, ಮುತ್ತಿ ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಈ ಕಥೆ ನಿಮಗೆ ಬಾಯಿಪಾಠವಾಗಿದೆ, ಹೆಚ್ಚು ಹೇಳುವುದಿಲ್ಲ.

ಇನ್ನು 1857. ಉತ್ತರದಲ್ಲಿ ದಂಗೆ ಎದ್ದ ವರ್ಷವೇ ಕಂಪನಿ ಸರಕಾರ ಆಯುಧಗಳ ಬಗ್ಗೆ ಕಾಯಿದೆ ಮಾಡಿತು. ಆಯುಧ ಇದ್ದವರು ಬರೆಸಬೇಕು, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕು. ರಾಮದುರ್ಗಕ್ಕೆ ದೂರವಲ್ಲದ, ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಅವರಿಗೆ ಆಯುಧವೆಂದರೆ ಹೊಟ್ಟೆಪಾಡು, ಮಾನ, ಕುಲದ ಗುರುತು ಎಲ್ಲವೂ ಆಗಿತ್ತು. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿತು. ಸರಕಾರಿ ಲೆಕ್ಕದ ಪ್ರಕಾರವೇ ಸುಮಾರು 100 ಜನ ಸತ್ತರು, 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿಯೇ 6 ಜನರನ್ನು ಗಲ್ಲಿಗೇರಿಸಿದರು. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಈ ಲಾವಣಿಯನ್ನು ಓದಿದವರು ನಿಮ್ಮಲ್ಲಿ ಇದ್ದೀರಿ. ಅದನ್ನು ಮುಂದಿನ ಸಲ ಓದುವಾಗ ಒಂದು ವಿಷಯ ನೆನಪಿಡಿ: ಅದು ಕೇವಲ ಯುದ್ಧದ ಹಾಡಲ್ಲ, ಪರವಾನಗಿ ಕಾಯಿದೆಯ ಮೇಲೆ ಕನ್ನಡದಲ್ಲಿ ಹುಟ್ಟಿದ ಹಾಡು.

ಈಗ ಸುರೇಬಾನಕ್ಕೆ ಬರೋಣ. ರಾಮದುರ್ಗ ತಾಲೂಕಿನ ಈ ಊರಿನ ಹೆಸರು ಪಠ್ಯಪುಸ್ತಕದಲ್ಲಿ ಅಪರೂಪ. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ದತ್ತಕಕ್ಕೆ ಅನುಮತಿ ಕೇಳಿದ್ದ. ಕಿತ್ತೂರಿನಂತೆಯೇ ಇಲ್ಲಿಯೂ ಸಿಗಲಿಲ್ಲ. ದಕ್ಷಿಣ ಮರಾಠಾ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್, ಹಿಂದೆ ಇನಾಮು ಕಮಿಶನ್ನಿನಲ್ಲಿ ಕೆಲಸ ಮಾಡಿದವನು. ಇನಾಮು ಭೂಮಿಗಳನ್ನು ಪರಿಶೀಲಿಸಿ ಕಸಿಯುತ್ತಿದ್ದ ಆ ಕಮಿಶನ್ನೆಂದರೆ ಈ ಭಾಗದ ದೇಸಾಯರಿಗೂ ಇನಾಮದಾರರಿಗೂ ಮೈ ಉರಿಯುತ್ತಿತ್ತು. 1858ರ ಮೇ ತಿಂಗಳ ಕೊನೆಗೆ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿಯ ಸಂಸ್ಥಾನಿಕ ನರಗುಂದದವನಿಗೆ ಸಂಬಂಧದಲ್ಲಿ ಸಹೋದರನೇ; ಮುಂದೆ ಹೋಗುವುದು ಅಪಾಯ ಎಂದು ಅವನು ಎಚ್ಚರಿಸಿದ. ಮ್ಯಾನ್ಸನ್ ಕೇಳಲಿಲ್ಲ. ಹನ್ನೆರಡರಷ್ಟು ಸವಾರರ ಕಾವಲಿನೊಂದಿಗೆ ಸುರೇಬಾನದಲ್ಲಿ ತಂಗಿದ.

ಮೇ 29ರ ರಾತ್ರಿ ಬಾಬಾಸಾಹೇಬ ನೂರಾರು ಜನರೊಂದಿಗೆ ಬಂದು ಮುತ್ತಿದ. ಕಾವಲಿನವನು ಮೊದಲು ಬಿದ್ದ. ನಿದ್ದೆಯಿಂದ ಎದ್ದ ಮ್ಯಾನ್ಸನ್ ರಿವಾಲ್ವರ್ ಎತ್ತಿ ಹಾರಿಸಿದ, ಒಬ್ಬನಿಗೆ ಗಾಯವಾಯಿತು. ಅಷ್ಟೇ. ಮರುಕ್ಷಣ ಅವನನ್ನು ಕೊಂದು ತಲೆ ಕತ್ತರಿಸಿದರು.

ಈ ರಾತ್ರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಿ. ರಿವಾಲ್ವರ್ ಆ ಕಾಲದ ಹೊಚ್ಚ ಹೊಸ ಯಂತ್ರ. ಅಮೇರಿಕದ ಕೋಲ್ಟ್ 1853ರಲ್ಲಿ ಲಂಡನ್ನಿನಲ್ಲಿಯೇ ಕಾರ್ಖಾನೆ ತೆರೆದಿದ್ದ. ಇಂಗ್ಲೆಂಡಿನ ಆಡಮ್ಸ್ ಅದಕ್ಕೆ ಎದುರಾಳಿ. ಒಂದಕ್ಕೆ ಆರು ಗುಂಡು, ಇನ್ನೊಂದಕ್ಕೆ ಐದು. ಹಲಗಲಿಯವನು ಒಂದು ಗುಂಡು ತುಂಬುವಷ್ಟರಲ್ಲಿ ಇದು ಐದಾರನ್ನು ಹಾರಿಸಬಲ್ಲದು. ಆ ರಾತ್ರಿ ರಿವಾಲ್ವರ್ ಕೈಕೊಡಲಿಲ್ಲ. ಹಾರಿತು, ತಗುಲಿತು ಕೂಡ. ಹಾಗಿದ್ದೂ ಮ್ಯಾನ್ಸನ್ ಉಳಿಯಲಿಲ್ಲ. ನೂರಾರು ಜನರ ಎದುರು ಐದಾರು ಗುಂಡು ಏನು ಮಾಡೀತು ಎಂದು ನೀವು ಕೇಳಬಹುದು. ಸರಿಯೇ. ಆದರೆ ನನ್ನ ದೃಷ್ಟಿಯಲ್ಲಿ ಲೆಕ್ಕ ಅದಕ್ಕಿಂತ ಮೊದಲೇ ತಪ್ಪಿತ್ತು. ರಾಮದುರ್ಗದಲ್ಲಿ ಹೇಳಿದ ಬುದ್ಧಿಮಾತನ್ನು ಬಿಟ್ಟು ಮುಂದೆ ಹೊರಟಾಗಲೇ ಅವನು ಸೋತಿದ್ದ. ಬಂದವನು ಎಚ್ಚರವಾಗಿ ಬರುತ್ತಾನೆ, ಇದ್ದವನು ನಿದ್ದೆಯಲ್ಲಿರುತ್ತಾನೆ. ಈ ಅಂತರವನ್ನು ಯಾವ ಕಾರ್ಖಾನೆಯ ಯಂತ್ರವೂ ತುಂಬಲಿಲ್ಲ. ಬಾಬಾಸಾಹೇಬನ ಗತಿಯೂ ಬೇರೆಯಾಗಲಿಲ್ಲ: ಕೆಲವೇ ದಿನಗಳಲ್ಲಿ ನರಗುಂದ ಕೋಟೆ ಬಿತ್ತು, ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇಪ್ಪತ್ತು ವರ್ಷಗಳ ನಂತರ, 1878ರಲ್ಲಿ, ಲಾರ್ಡ್ ಲಿಟ್ಟನ್ನನ ಕಾಲದ ಆಯುಧ ಕಾಯಿದೆ ಬಂದಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಈ ಭೇದ ಎಷ್ಟು ಚುಚ್ಚಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ಠರಾವಿನಲ್ಲಿ ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸ್ವತಂತ್ರ ಭಾರತ ಮಾಡಿದ 1959ರ ಆಯುಧ ಕಾಯಿದೆಯಲ್ಲಿ ಬಣ್ಣದ ಭೇದ ಹೋಯಿತು, ಪರವಾನಗಿ ಉಳಿಯಿತು. ನಮ್ಮ ರಾಜ್ಯದಲ್ಲಿಯೇ ಕೊಡಗಿನ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಹಲಗಲಿಯ ಬೇಡರು ಆಯುಧಕ್ಕಾಗಿ ಗಲ್ಲಿಗೆ ಹೋದರು, ಕೊಡವರು ಆಯುಧ ಉಳಿಸಿಕೊಂಡರು. ಎರಡೂ ಒಂದೇ ಸರಕಾರದ ಕಾಲದ ಮಾತು. ಯಾರನ್ನು ನಂಬಿತು, ಯಾರಿಗೆ ಹೆದರಿತು ಎಂಬುದರ ಮೇಲೆ ಕಾಯಿದೆ ನಡೆಯಿತು.

ಈಗ ಇಂದಿನ ಸಣ್ಣ ಪಿಸ್ತೂಲಿಗೆ ಬರೋಣ. ಅರೆ ಸ್ವಯಂಚಾಲಿತ ಪಿಸ್ತೂಲು ಎಂದರೆ, ಹಿಡಿಕೆಯೊಳಗಿನ ಮ್ಯಾಗಜೀನಿನಲ್ಲಿ ಕಾಡತೂಸುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಗುಂಡು ಹಾರಿದಾಗಿನ ಒತ್ತಡದಿಂದ ಮೇಲಿನ ಭಾಗ ಹಿಂದಕ್ಕೆ ಸರಿದು, ಖಾಲಿ ಕವಚವನ್ನು ಹೊರಗೆ ಎಸೆದು, ಮುಂದಕ್ಕೆ ಬರುವಾಗ ಹೊಸದನ್ನು ನಳಿಗೆಗೆ ತುಂಬುತ್ತದೆ. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ನಮ್ಮ ದೇಶದಲ್ಲಿ 9 ಮಿ.ಮೀ. ಪಿಸ್ತೂಲು ನಿಷೇಧಿತ ವರ್ಗದ್ದು. ಪೊಲೀಸರ, ಸೈನ್ಯದ ಸೊತ್ತು. ಪರವಾನಗಿ ಪಡೆದ ಸಾಮಾನ್ಯ ನಾಗರಿಕ ಕೊಳ್ಳುವುದು ಹೆಚ್ಚಾಗಿ ಸರಕಾರಿ ಕಾರ್ಖಾನೆಗಳಲ್ಲಿ ತಯಾರಾದ .32 ಅಳತೆಯ ಪಿಸ್ತೂಲು ಅಥವಾ ರಿವಾಲ್ವರ್. ಹೆಂಗಸರ ರಕ್ಷಣೆಗೆಂದು 2014ರಲ್ಲಿ ಕಾನಪುರದಿಂದ ಬಂದ 'ನಿರ್ಭೀಕ್' ರಿವಾಲ್ವರ್ ಕೂಡ .32 ಅಳತೆಯದೇ, ತೂಕ ಅರ್ಧ ಕಿಲೋ, ಆಗಿನ ಬೆಲೆ ಒಂದು ಲಕ್ಷ ರೂಪಾಯಿಗೆ ಮೇಲೆ.

ಆಟಕ್ಕೆ ಇದು ಹೇಗೆ? ಗಣಿತದಿಂದಲೇ ನೋಡಬಹುದು. ಪಿಸ್ತೂಲಿನ ಹಿಂದಿನ ಗುರಿಗೂ ಮುಂದಿನ ಗುರಿಗೂ ನಡುವಿನ ಅಂತರ ಸಣ್ಣ ಪಿಸ್ತೂಲಿನಲ್ಲಿ 15 ಸೆಂ.ಮೀ. ಎಂದು ಹಿಡಿಯಿರಿ. ಮುಂದಿನ ಗುರಿ ಕೇವಲ 1 ಮಿ.ಮೀ. ಅತ್ತಿತ್ತ ಸರಿದರೆ, 10 ಮೀಟರ್ ದೂರದಲ್ಲಿ ಗುಂಡು ಸುಮಾರು 67 ಮಿ.ಮೀ. ತಪ್ಪುತ್ತದೆ. ಅಂತರ 30 ಸೆಂ.ಮೀ. ಇದ್ದರೆ ತಪ್ಪು ಅದರ ಅರ್ಧ. ಅಂತರರಾಷ್ಟ್ರೀಯ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿ.ಮೀ. ಜೇಬಿನಲ್ಲಿ ಅಡಗಲೆಂದು ಗಿಡ್ಡ ಮಾಡಿದ ಆಯುಧ ಅಲ್ಲಿ ನಿಲ್ಲುವ ಮಾತೇ ಇಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಗಾಳಿಯ ಒತ್ತಡದಿಂದ 4.5 ಮಿ.ಮೀ. ಗುಂಡು ಹಾರಿಸುವ ಏರ್ ಪಿಸ್ತೂಲಿನಲ್ಲಿ. ಅದರಿಂದ ಮನೆ ಕಾಯಲು ಆಗದು. ಆಟ ಬೇಕಾದ ವಿದ್ಯಾರ್ಥಿಗೆ ಕಾಲೇಜಿನ ಎನ್.ಸಿ.ಸಿ.ಯ .22 ರೈಫಲ್, ಮಾನ್ಯತೆ ಪಡೆದ ರೈಫಲ್ ಕ್ಲಬ್ಬು, ಇವೇ ಸರಿಯಾದ ಬಾಗಿಲು.

ಕಾವಲಿನ ಮಾತು ಇನ್ನೂ ಕಠಿಣ. ಆಟದ ಆಯುಧಕ್ಕೆ ಟ್ರಿಗರ್ ಹಗುರ ಇರಬೇಕು, ಮನೆಯ ಆಯುಧಕ್ಕೆ ಹಗುರ ಇದ್ದರೆ ಅಪಾಯ. ತಕ್ಷಣ ಕೈಗೆ ಸಿಗಬೇಕೆಂದರೆ ಗುಂಡು ತುಂಬಿ ಹಾಸಿಗೆಯ ಹತ್ತಿರ ಇಡಬೇಕು. ಹಾಗೆ ಇಟ್ಟರೆ ಅದು ಮೊದಲು ಸಿಗುವುದು ಕಳ್ಳನನ್ನು ಕಂಡ ಯಜಮಾನನಿಗಲ್ಲ, ಆಡುವ ಮಗುವಿಗೆ, ಕುಡಿದು ಬಂದ ಅಣ್ಣನಿಗೆ, ಪರೀಕ್ಷೆಯಲ್ಲಿ ಫೇಲಾಗಿ ಮಂಕಾದ ಹುಡುಗನಿಗೆ. ಕೀಲಿ ಹಾಕಿ, ಗುಂಡು ಬೇರೆ, ಪಿಸ್ತೂಲು ಬೇರೆ ಇಟ್ಟರೆ ನಡುರಾತ್ರಿ ಕೈಗೆ ಬರುವಷ್ಟರಲ್ಲಿ ಸುರೇಬಾನದ ಕಥೆಯೇ ಆಗುತ್ತದೆ. ಈ ಎರಡರ ನಡುವೆ ಸುಖವಾದ ದಾರಿ ಇದೆ ಎಂದು ಯಾರಾದರೂ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ. ಗಟ್ಟಿ ಬಾಗಿಲು, ಹೊರಗೊಂದು ದೀಪ, ಬೊಗಳುವ ನಾಯಿ, ಕೂಗಿದರೆ ಓಡಿಬರುವ ನೆರೆಮನೆಯವರು ಇವು ನಿದ್ದೆಯಲ್ಲಿರುವವನ ಪರವಾಗಿ ಎಚ್ಚರ ಇರುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಬೇಕೆನ್ನುವವರು ದಾರಿಯನ್ನು ತಿಳಿದಿರಲಿ. 21 ವರ್ಷ ತುಂಬಿರಬೇಕು. ಜಿಲ್ಲಾಧಿಕಾರಿಗಳಿಗೆ ಅರ್ಜಿ, ಪೊಲೀಸರ ವಿಚಾರಣೆ, 2016ರ ನಿಯಮಗಳಂತೆ ಸುರಕ್ಷತೆಯ ತರಬೇತಿ. 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಆಯುಧವಿಲ್ಲ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಆಗಬಹುದು. ಕಳ್ಳನ ಮೇಲೆ ಹಾರಿಸಿದರೂ ಕಾನೂನು ಲೆಕ್ಕ ಕೇಳುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತದೆ, ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು ರಕ್ಷಣೆ ಎಂದರೆ ನ್ಯಾಯಾಲಯ ಒಪ್ಪುವುದು ಕಷ್ಟ.

ಚುನಾವಣೆ ಬಂದಾಗ ಪರವಾನಗಿ ಇದ್ದವರೂ ತಮ್ಮ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ಪಡೆಯುವುದನ್ನು ನಿಮ್ಮ ಊರಿನಲ್ಲಿಯೂ ನೋಡಿರಬಹುದು. 1857ರಲ್ಲಿಯೂ ಅಧಿಕಾರಿ ಪಟ್ಟಿ ಹಿಡಿದು ಊರೂರಿಗೆ ಬಂದಿದ್ದ. ಈಗ ಚೀಟಿ ಬರೆಯುವವನೂ ಪಡೆಯುವವನೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ, ಮತದಾನ ಮುಗಿದು ಫಲಿತಾಂಶ ಬಂದ ಮೇಲೆ ಆಯುಧ ಮರಳಿ ಮನೆಗೆ ಹೋಗುತ್ತದೆ.