ಪಾರಣೆಯ ನಂತರದ ಮೂರು ದಿನ: ಉಪವಾಸಿಗಳಿಗೆ ಊಟದ ಕ್ರಮ



ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಶ್ರಾವಕ-ಶ್ರಾವಿಕೆಯರು ತಮ್ಮ ಶಕ್ತಿಗೆ ತಕ್ಕಂತೆ ವ್ರತ ಹಿಡಿಯುತ್ತಾರೆ. ಕೆಲವರು ಏಕಾಶನ, ಕೆಲವರು ದಿನ ಬಿಟ್ಟು ದಿನ ಉಪವಾಸ, ಇನ್ನು ಕೆಲವರು ಹತ್ತೂ ದಿನ ಉಪವಾಸ ಮಾಡುತ್ತಾರೆ. ಉಪವಾಸ ಹಿಡಿಯುವ ವಿಧಿ ಎಲ್ಲರಿಗೂ ಗೊತ್ತು. ಬಿಡುವ ಕ್ರಮದಲ್ಲೇ ನಾವು ತಪ್ಪುವುದು.

ಬಸದಿಯ ಪಾರಣೆ ಪಂಕ್ತಿಯಲ್ಲಿ ಬಡಿಸುವ ಸೇವೆ ನನ್ನದು. ಕೆಲವು ವರ್ಷಗಳ ಹಿಂದೆ, ಹತ್ತು ದಿನ ಬರೀ ನೀರಿನ ಮೇಲಿದ್ದ ಒಬ್ಬ ಹಿರಿಯ ತಾಯಿಗೆ ನಾನೇ ಒತ್ತಾಯ ಮಾಡಿ ಎರಡು ಹೋಳಿಗೆ ಬಡಿಸಿ ತುಪ್ಪ ಹಾಕಿದೆ. "ಸಾಕಪ್ಪಾ" ಎಂದರೂ ಕೇಳಲಿಲ್ಲ. ಮಧ್ಯಾಹ್ನ ವಾಂತಿ, ಸಂಜೆಗೆ ಆಸ್ಪತ್ರೆ. ಗುಣವಾಗಿ ಮನೆಗೆ ಬಂದರು, ಆದರೆ ಆ ತಪ್ಪು ನನ್ನದೇ.

ಕಾರಣ ಸರಳ. ಬಹಳ ದಿನ ಆಹಾರವಿಲ್ಲದಿದ್ದಾಗ ದೇಹವು ತನ್ನ ಕೊಬ್ಬನ್ನು ಕರಗಿಸಿ ಬದುಕುತ್ತದೆ. ಒಮ್ಮೆಲೇ ಸಿಹಿ, ಅನ್ನ ಹೆಚ್ಚು ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿಯಬಹುದು. ಅದರಿಂದ ಹೃದಯಕ್ಕೂ ತೊಂದರೆ. ಐದು ದಿನಕ್ಕಿಂತ ಹೆಚ್ಚು ಉಪವಾಸ ಮಾಡಿದವರಿಗೆ ಈ ಅಪಾಯ ಹೆಚ್ಚು.

ಕೆಳಗಿನ ಕ್ರಮ ಎರಡು-ಮೂರು ದಿನ ಉಪವಾಸ ಮಾಡಿದ, ಆರೋಗ್ಯವಂತರಿಗೆ.

ಮೊದಲ ದಿನ
* ಕಾಯಿಸಿ ಸೋಸಿದ ಬೆಚ್ಚಗಿನ ನೀರು, ಗುಟುಕು ಗುಟುಕಾಗಿ.
* ಅರ್ಧ ಗಂಟೆ ಬಿಟ್ಟು ಅಕ್ಕಿ ನುಚ್ಚು, ಹೆಸರುಬೇಳೆಯ ತೆಳು ಗಂಜಿ ಅರ್ಧ ಬಟ್ಟಲು. ಚಿಟಿಕೆ ಉಪ್ಪು, ಜೀರಿಗೆ ಸಾಕು.
* ಎರಡು-ಮೂರು ಗಂಟೆಗೊಮ್ಮೆ ಅಷ್ಟೇ ಪ್ರಮಾಣ. ಸೂರ್ಯಾಸ್ತಕ್ಕೆ ಮೊದಲು ಮುಗಿಸಿ.
* ಪಾರಣೆಯಂದು ಏಕಾಶನದ ನಿಯಮ ಇರುವವರು ಆ ಒಂದು ಊಟವನ್ನೇ ಗಂಜಿಯಿಂದ ಶುರುಮಾಡಿ ನಿಧಾನವಾಗಿ ಮಾಡಲಿ. ಇಡೀ ದಿನದ ಊಟವನ್ನು ಒಮ್ಮೆಲೇ ತುಂಬಿಸಬಾರದು.

ಎರಡನೆಯ ದಿನ
* ಬೆಳಿಗ್ಗೆ ತೆಳು ರಾಗಿ ಗಂಜಿ, ಒಂದು ಬಾಳೆಹಣ್ಣು.
* ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನ, ತೊವ್ವೆ, ಸೋರೆಕಾಯಿ ಅಥವಾ ಹೀರೆಕಾಯಿ ಪಲ್ಯ, ಒಂದು ಚಮಚ ತುಪ್ಪ.
* ಸಂಜೆ ಅನ್ನ, ತೆಳು ಮಜ್ಜಿಗೆ. ಈ ಊಟದಲ್ಲಿ ಬೇಳೆ ಬೇಡ. ಬೇಳೆಯ ಜೊತೆ ಹಸಿ ಮೊಸರು, ಮಜ್ಜಿಗೆ ಸೇರಿದರೆ ದ್ವಿದಳ ದೋಷ.

ಮೂರನೆಯ ದಿನ
* ಉಪ್ಪಿಟ್ಟು ಅಥವಾ ಚಪಾತಿ, ಪಡುವಲಕಾಯಿ ಪಲ್ಯ, ಅನ್ನ, ಸಾರು. ಎಂದಿನ ಊಟದ ಮುಕ್ಕಾಲು ಪಾಲು.
* ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರಿಗೆ ಈ ಕಾಯಿಪಲ್ಯಗಳೇ ಸಾಕು.
* ಹೋಳಿಗೆ, ಕರಿದ ತಿಂಡಿ, ಉಪ್ಪಿನಕಾಯಿ ನಾಲ್ಕನೆಯ ದಿನದ ನಂತರ.

ಗಮನಿಸಿ
ಐದು ದಿನಕ್ಕಿಂತ ಹೆಚ್ಚು ಉಪವಾಸ ಮಾಡಿದವರು ಈ ಕ್ರಮವನ್ನೇ ಮೂರು ದಿನದಲ್ಲಿ ಮುಗಿಸಬಾರದು. ಅವರು, ಹಾಗೂ ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ಬಹಳ ವಯಸ್ಸಾದವರು ಪಾರಣೆಗೆ ಮೊದಲೇ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ಅವರೇ ಹೇಳಲಿ. ಎದೆ ಬಡಿತ ಏರುಪೇರು, ಉಸಿರಾಟದ ತೊಂದರೆ, ಕಾಲು ಊತ, ಮಾತಿನಲ್ಲಿ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಡಿಸುವ ಬಂಧುಗಳಲ್ಲಿ ಒಂದು ವಿನಂತಿ. ಉಪವಾಸಿಗಳ ಸೇವೆ ವೈಯಾವೃತ್ಯವೇ ಸರಿ. ಆದರೆ ಅವರು "ಸಾಕು" ಎಂದಾಗ ಸೌಟು ಹಿಂದೆ ತೆಗೆಯುವುದೂ ಆ ಸೇವೆಯಲ್ಲೇ ಸೇರಿದೆ. ನಮ್ಮ ಪಂಕ್ತಿಯಲ್ಲಿ ಈಗ ಮೊದಲು ಬರುವುದು ಗಂಜಿ. ಹೋಳಿಗೆಯನ್ನು ಮನೆಗೆ ಕಟ್ಟಿ ಕೊಡುತ್ತೇವೆ, ಮನೆಯವರಿಗೆಂದು ಹೇಳಿ.