ಹಕ್ಕಿಗೆ ಹೆಸರಿಟ್ಟವರು, ದಾರಿ ತೋರಿದವರು

ವೆನೆಝುವೆಲಾ, ಬ್ರೆಝಿಲ್ ಮತ್ತು ಗಯಾನಾ ದೇಶಗಳ ಗಡಿಗಳು ಕೂಡುವಲ್ಲಿ ನೆತ್ತಿ ಕತ್ತರಿಸಿದಂತಹ ಬೆಟ್ಟಗಳ ನಾಡೊಂದಿದೆ. ಸುತ್ತಲೂ ನೂರಾರು ಮೀಟರ್ ಎತ್ತರದ ಕಡಿದಾದ ಗೋಡೆ, ಮೇಲೆ ಚಪ್ಪಟೆ ಬಂಡೆಯ ಬಯಲು. ಇಂಥ ಬೆಟ್ಟಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಮೇಸಾ ಎನ್ನುತ್ತಾರೆ. ನಮ್ಮ ಮೇಜು, ಉರ್ದುವಿನ ಮೇಝ್, ಈ ಮೇಸಾ ಮೂರರ ಅರ್ಥವೂ ಒಂದೇ. ಆದರೆ ಅಲ್ಲಿಯೇ ಹುಟ್ಟಿ ಬೆಳೆದ ಪೆಮೊನ್ ಜನರ ಮಾತಿನಲ್ಲಿ ಅದು ತೆಪುಯಿ. ಇಂದು ಜಗತ್ತಿನ ಹಕ್ಕಿ ಪುಸ್ತಕಗಳೂ ಅದೇ ಮಾತನ್ನು ಬಳಸುತ್ತವೆ. ಇಂಗ್ಲಿಷ್‌ನಲ್ಲಿ ಅಲ್ಲಿನ ಒಂದು ಕಿರುಗಿಳಿಯ ಹೆಸರಿನಲ್ಲೂ ತೆಪುಯಿ ಇದೆ. ಪೆಮೊನರ ಬೆಟ್ಟ ಹೀಗೆ ಹಕ್ಕಿಗಳ ಹೆಸರಿಗೆ ಸೇರಿತು. ಪೆಮೊನರು ಸೇರಿದರೇ ಎಂಬುದು ಬೇರೆ ಪ್ರಶ್ನೆ.

ಈ ತೆಪುಯಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ರೊರೈಮಾ. ಎತ್ತರ 2,810 ಮೀಟರ್. ಅದರ ಮರಳುಗಲ್ಲಿನ ವಯಸ್ಸು ನೂರು ಕೋಟಿ ವರ್ಷಗಳಿಗಿಂತ ಬಹಳ ಹೆಚ್ಚು. ಯುರೋಪಿಯನರ ಪೈಕಿ ರಾಬರ್ಟ್ ಶೊಂಬುರ್ಗ್ 1838ರಲ್ಲಿ ಅದರ ಬುಡಕ್ಕೆ ಬಂದ. ಮುಂದಿನ ನಾಲ್ಕು ದಶಕಗಳ ಕಾಲ ಮೇಲೆ ಹತ್ತಲು ಸಾಧ್ಯವೇ ಇಲ್ಲವೆಂಬ ಮಾತು ಲಂಡನ್ನಿನಲ್ಲಿ ಬೆಳೆಯಿತು. ಅಲ್ಲಿ ಯಾವ ಕಾಲದ ಪ್ರಾಣಿಗಳು ಉಳಿದಿವೆಯೋ ಎಂಬ ಕುತೂಹಲವೂ ಬೆಳೆಯಿತು. ಕಾನನ್ ಡಾಯ್ಲ್ 1912ರಲ್ಲಿ ಕಾದಂಬರಿ ಬರೆದು ಡೈನೋಸಾರುಗಳನ್ನೇ ಅಂಥದೊಂದು ಬೆಟ್ಟದ ಮೇಲೆ ಕೂರಿಸಿಬಿಟ್ಟ. ಕಥೆಗಾರರಾದ ನಮಗೆ ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆ ಕಾದಂಬರಿಯ ಹೆಸರಿನ ಬಗ್ಗೆ, 'ಕಳೆದುಹೋದ ಜಗತ್ತು'. ಯಾರಿಂದ ಕಳೆದುಹೋದದ್ದು? ಅದರ ನೆರಳಿನಲ್ಲಿ ಮರಗೆಣಸು ಬೆಳೆದು ಬದುಕುತ್ತಿದ್ದವರಿಗೆ ಅದು ಪ್ರತಿ ಬೆಳಿಗ್ಗೆ ಅಂಗಳದಿಂದಲೇ ಕಾಣುತ್ತಿತ್ತು.

1880ರ ದಶಕದ ಆರಂಭದಲ್ಲಿ ಹೆನ್ರಿ ವೈಟ್ಲಿ ಎಂಬ ಇಂಗ್ಲಿಷ್ ಸಂಗ್ರಾಹಕ ಈ ಬೆಟ್ಟದ ಸುತ್ತ ಹಕ್ಕಿಗಳನ್ನು ಹಿಡಿಯುತ್ತ ತಿರುಗಿದ. ಆಗಿನ ಪಕ್ಷಿವೀಕ್ಷಣೆಗೆ ಬೇಕಿದ್ದುದು ದುರ್ಬೀನಲ್ಲ, ಬಂದೂಕು. ಹೊಡೆದ ಹಕ್ಕಿಯ ಚರ್ಮ ಸುಲಿದು, ಒಳಗೆ ಆರ್ಸೆನಿಕ್ ಸವರಿ, ಹತ್ತಿ ತುಂಬಿ, ಕಾಲಿಗೊಂದು ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಸ್ಥಳ, ತಾರೀಕು, ಸಂಗ್ರಾಹಕನ ಹೆಸರು. ವೈಟ್ಲಿ ಕಳುಹಿಸಿದ ಚರ್ಮಗಳನ್ನು ಲಂಡನ್ನಿನಲ್ಲಿ ಸಾಲ್ವಿನ್ ಮತ್ತು ಗಾಡ್‌ಮನ್ ಪರಿಶೀಲಿಸಿದರು. ಎದೆಯ ಮೇಲೆ ಕೆಂಪು ಪಟ್ಟಿಯಿರುವ, ಹಣ್ಣು ತಿನ್ನುವ ಒಂದು ಚೆಂದದ ಹಕ್ಕಿಗೆ 1884ರಲ್ಲಿ ಪಿಪ್ರಿಯೋಲಾ ವೈಟ್ಲಿಯೈ ಎಂದು ಹೆಸರಿಟ್ಟರು. ಹಕ್ಕಿ ಯಾವ ಕಣಿವೆಯಲ್ಲಿ ಕೂರುತ್ತದೆ, ಯಾವ ಮರ ಹಣ್ಣಾದಾಗ ಇಳಿಯುತ್ತದೆ ಎಂದು ತಿಳಿದಿದ್ದವನ ಹೆಸರಿಗೆ ಆ ಚೀಟಿಯಲ್ಲಿ ಜಾಗವಿರಲಿಲ್ಲ.

ಅದೇ ವರ್ಷ ಡಿಸೆಂಬರ್ 18ರಂದು ಎವರಾರ್ಡ್ ಇಮ್ ಥರ್ನ್ ಮತ್ತು ಹ್ಯಾರಿ ಪರ್ಕಿನ್ಸ್ ರೊರೈಮಾದ ನೆತ್ತಿ ತಲುಪಿದರು. ಗೋಡೆಯ ಮೈಯಲ್ಲಿ ಓರೆಯಾಗಿ ಏರುವ ಒಂದು ಅಂಚಿನ ಮೇಲೆ ಕಾಡು ಕಡಿದು ದಾರಿ ಮಾಡಿದವರು, ಹೊರೆ ಹೊತ್ತವರು ಸ್ಥಳೀಯ ಆದಿವಾಸಿಗಳು. ಚರಿತ್ರೆಯಲ್ಲಿ ಮಾತ್ರ ಬೆಟ್ಟವನ್ನು 'ಮೊದಲು ಹತ್ತಿದವರು' ಇಬ್ಬರೇ. ಇಂದಿಗೂ ಚಾರಣಿಗರು ಏರುವುದು ಅದೇ ಅಂಚಿನ ಮೇಲೆ.

ಇದಕ್ಕೊಂದು ಅಪವಾದವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1911ರಲ್ಲಿ ಜರ್ಮನ್ ವಿದ್ವಾಂಸ ಥಿಯೋಡರ್ ಕೋಖ್-ಗ್ರ್ಯೂನ್‌ಬೆರ್ಗ್ ರೊರೈಮಾಕ್ಕೆ ಬಂದಾಗ ಅವನ ಜೊತೆಗಿದ್ದವರು ತೌರೆಪಾಂಗ್ ಜನರ ಮಯುಲುವಾಯ್ಪು ಮತ್ತು ಅರೆಕುನಾ ಜನರ ಅಕುಲಿ. ಇವರು ದಾರಿಯುದ್ದಕ್ಕೂ ಕಥೆ ಹೇಳಿದರು. ಅಕುಲಿಗೆ ಪೋರ್ಚುಗೀಸ್ ಬಾರದು, ಅವನ ಕಥೆಗಳನ್ನು ಮಯುಲುವಾಯ್ಪು ಅನುವಾದಿಸಿದ. ಜಗತ್ತಿನ ಎಲ್ಲ ಹಣ್ಣುಗಳೂ ಬಿಡುತ್ತಿದ್ದ ಒಂದು ಮಹಾವೃಕ್ಷವಿತ್ತು, ಮಕುನೈಮಾ ಅದನ್ನು ಕಡಿದುರುಳಿಸಿದ, ಉಳಿದ ಬುಡವೇ ರೊರೈಮಾ ಎಂಬುದು ಅವುಗಳಲ್ಲಿ ಒಂದು. ಚಪ್ಪಟೆ ಬೆಟ್ಟವನ್ನು ನೋಡಿದವರಿಗೆ ಕಡಿದ ಮರದ ಬುಡ ನೆನಪಾಗದೆ ಇರದು. 1916ರಲ್ಲಿ ಆ ಕಥೆಗಳು ಪ್ರಕಟವಾದಾಗ ಹೇಳಿದವರ ಹೆಸರುಗಳೂ ಜೊತೆಗಿದ್ದವು. 1928ರಲ್ಲಿ ಬ್ರೆಝಿಲಿನ ಮಾರಿಯೊ ದೆ ಆಂದ್ರಾದೆ ಬರೆದ 'ಮಕುನೈಮಾ' ಕಾದಂಬರಿಗೆ ಆ ಪುಸ್ತಕವೇ ಮೂಲ. ಮಾರ್ಗದರ್ಶಿಯನ್ನು ಒಬ್ಬ ಮನುಷ್ಯನೆಂದು ಬರೆದಿಟ್ಟರೆ ಒಂದು ಸಾಹಿತ್ಯವೇ ಹುಟ್ಟಬಹುದು.

ಹಕ್ಕಿಯ ಕಡೆಯವರು ತಮ್ಮ ರೂಢಿ ಬಿಡಲಿಲ್ಲ. 1927ರ ರೊರೈಮಾ ಯಾತ್ರೆಯ ಪ್ರಾಯೋಜಕ ಲೀ ಗಾರ್ನೆಟ್ ಡೇ ಹೆಸರಿನಲ್ಲಿ ಫ್ರಾಂಕ್ ಚಾಪ್‌ಮನ್ ಒಂದು ನೊಣಹಿಡುಕಕ್ಕೆ ಎಲೇನಿಯಾ ಡೇಯೈ ಎಂದು ನಾಮಕರಣ ಮಾಡಿದ. ಹಣ ಕೊಟ್ಟವನಿಗೂ ಹಕ್ಕಿ ಸಿಕ್ಕಿತು. ಕ್ಯಾರಕಾಸ್‌ನ ವ್ಯಾಪಾರಿ ವಿಲಿಯಂ ಫೆಲ್ಪ್ಸ್ ಮತ್ತು ಅವನ ಮಗ 1930ರ ದಶಕದ ಕೊನೆಯಿಂದ ತೆಪುಯಿಗಳಿಗೆ ಒಂದರ ಮೇಲೊಂದು ಯಾತ್ರೆ ನಡೆಸಿ ದೊಡ್ಡ ಸಂಗ್ರಹ ಕಟ್ಟಿದರು. ಆ ಶ್ರಮ ಸಣ್ಣದಲ್ಲ. ಸುಮಾರು 40 ಜಾತಿಯ ಹಕ್ಕಿಗಳು ಈ ಬೆಟ್ಟಸೀಮೆಯನ್ನು ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ತಿಳಿದದ್ದು ಇಂಥ ಸಂಗ್ರಹಗಳಿಂದಲೇ. ಅವು ಅಲ್ಲಿಗೆ ಹೇಗೆ ಬಂದವು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದು ಎಂದು 1967ರಲ್ಲಿ ಅರ್ನ್ಸ್ಟ್ ಮೇಯರ್ ಮತ್ತು ಕಿರಿಯ ಫೆಲ್ಪ್ಸ್ ಬರೆದರು. ಕೆಲವು ದೂರದ ಆಂಡೀಸ್ ಪರ್ವತಗಳಿಂದ ಬಂದವು, ಕೆಲವು ಕೆಳಗಿನ ಕಾಡಿನಿಂದಲೇ ಮೇಲೇರಿದವು.

1970ರ ದಶಕದಲ್ಲಿ ಕಾಡು ಸೀಳಿ ರಸ್ತೆ ಬಂತು. 'ಲಾ ಎಸ್ಕಲೇರಾ', ಅಂದರೆ ಏಣಿ, ಎಂದು ಹೆಸರಾದ ಆ ಏರುದಾರಿಯಲ್ಲಿ ದುರ್ಬೀನು ಹಿಡಿದ ಪ್ರವಾಸಿ ತಂಡಗಳು ಕಾಣಿಸಿಕೊಂಡವು. ಹಸುವಿನಂತೆ ಅಂಬಾ ಎನ್ನುವ ಕಪುಚಿನ್ ಹಕ್ಕಿ, ಕಿತ್ತಳೆ ಬಣ್ಣದ ಬಂಡೆಕೋಳಿ, ಮೇಲಕ್ಕೆ ಹೋದಂತೆ ಹೂವಿನ ಬುಡಕ್ಕೆ ತೂತು ಕೊರೆದು ಮಕರಂದ ಕದಿಯುವ ಹೂಚುಚ್ಚುಕ. ರೊರೈಮಾ ಹತ್ತಬೇಕಾದರೆ ಪರೈತೆಪುಯ್ ಹಳ್ಳಿಯಲ್ಲಿ ಪೆಮೊನ್ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಳ್ಳಲೇಬೇಕೆಂಬ ನಿಯಮವೂ ಬಂತು. ಹೆಸರಿಲ್ಲದ ಹೊರೆಯಾಳಿನ ಮೊಮ್ಮಕ್ಕಳು ಹೀಗೆ ಕೂಲಿ ಕೇಳಿ ಪಡೆಯುವ ಮಾರ್ಗದರ್ಶಿಗಳಾದರು.

ಉರ್ದುವಿನಲ್ಲಿ ದಾರಿ ತೋರುವವನು ರಹಬರ್, ದಾರಿಯಲ್ಲಿ ದೋಚುವವನು ರಹಜನ್. ಎರಡು ಮಾತಿಗೂ ಬೇರು ಒಂದೇ, 'ರಾಹ್'. ಪೆಮೊನರ ಬಳಿಗೆ ಅದೇ ರಸ್ತೆಯಲ್ಲಿ ಎರಡನೆಯವರೂ ಬಂದರು. 2016ರಲ್ಲಿ ವೆನೆಝುವೆಲಾ ಸರಕಾರ ಒರಿನೊಕೊ ಗಣಿ ವಲಯವನ್ನು ಘೋಷಿಸಿತು. ಏಣಿಯ ಬುಡದ ಲಾಸ್ ಕ್ಲಾರಿತಾಸ್, ಒಂದು ಕಾಲದಲ್ಲಿ ಪಕ್ಷಿವೀಕ್ಷಕರು ತಂಗುತ್ತಿದ್ದ ಊರು, ಚಿನ್ನದ ಗಣಿಗಳ ಊರಾಗಿದೆ.

2019ರ ಫೆಬ್ರವರಿ 22ರಂದು ಇನ್ನೂ ಕೆಟ್ಟದ್ದು ನಡೆಯಿತು. ಪರೈತೆಪುಯ್ ಕಡೆಗೆ ಜೀಪುಗಳು ಹೊರಡುವ ಹಳ್ಳಿ ಕುಮರಕಪಾಯ್. ಬ್ರೆಝಿಲಿನಿಂದ ಬರಲಿದ್ದ ಪರಿಹಾರ ಸಾಮಗ್ರಿಯನ್ನು ತಡೆಯಲು ಗಡಿಗೆ ಹೊರಟಿದ್ದ ಸೇನಾ ವಾಹನಗಳನ್ನು ಹಳ್ಳಿಯ ಪೆಮೊನರು ಅಡ್ಡಗಟ್ಟಿದರು. ಸೈನಿಕರು ಗುಂಡು ಹಾರಿಸಿದರು. ಕೆಲವರು ಸತ್ತರು, ಹಲವರು ಗಾಯಗೊಂಡರು. ನೂರಾರು ಜನ ಗಡಿ ದಾಟಿ ಬ್ರೆಝಿಲ್‌ಗೆ ಓಡಿದರು. ದಾರಿ ತೋರಿಸಿ ಬದುಕುತ್ತಿದ್ದವರು ಕಾಲುದಾರಿಗಳನ್ನು ಈ ಬಾರಿ ತಮಗಾಗಿ ಹುಡುಕಿಕೊಂಡರು.

ಗಡಿಯಾಚೆ ಅವರಿಗೆ ಆಸರೆ ಕೊಟ್ಟವರು ಅವರದೇ ಬಳಗ. ಬ್ರೆಝಿಲಿನಲ್ಲಿ ಆ ಜನರನ್ನು ಪೆಮೊನ್ ಎನ್ನುವುದಿಲ್ಲ, ತೌರೆಪಾಂಗ್ ಎನ್ನುತ್ತಾರೆ. ಮಯುಲುವಾಯ್ಪು ಅದೇ ಜನರವನು.