ಫೋರ್ಡರ ಎರಡು ಬಂಡಿಗಳು: ‘ಮಾಡೆಲ್ ಟೀ’ ಮತ್ತು ‘ಮಸ್ಟಾಂಗ್’

ಅಮೆರಿಕಾ ದೇಶದ ಫೋರ್ಡ್ ಸಂಸ್ಥೆಯವರು ನಿರ್ಮಿಸಿದ ಮೋಟಾರು ಬಂಡಿಗಳಲ್ಲಿ 1908ರ ‘ಮಾಡೆಲ್ ಟೀ’, 1964ರ ‘ಮಸ್ಟಾಂಗ್’ ಇವೆರಡೂ ಲೋಕಪ್ರಸಿದ್ಧವಾದುವು. ಮೊದಲನೆಯದು ಏಕರೂಪತೆಗೆ, ಎರಡನೆಯದು ವೈವಿಧ್ಯಕ್ಕೆ ನಿದರ್ಶನವೆಂದು ಹೇಳುವುದು ರೂಢಿಯಾಗಿದೆ. ಈ ಮಾತನ್ನು ಪರೀಕ್ಷಿಸದೆ ಅಂಗೀಕರಿಸುವುದು ಯುಕ್ತವಲ್ಲ.

‘ಮಾಡೆಲ್ ಟೀ’ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದಿತೆಂಬುದು ಎಲ್ಲರ ಬಾಯಲ್ಲಿಯೂ ಇದೆ. ಆದರೆ ಆರಂಭದ ವರ್ಷಗಳಲ್ಲಿ ಕೆಂಪು, ಹಸುರು, ಬೂದು ಬಣ್ಣದವೂ ಇದ್ದುವು. ಕಪ್ಪೊಂದೇ ಎಂಬ ನಿಯಮವು ಸುಮಾರು 1914ರಿಂದ 1925ರ ವರೆಗಿನದು. 1913ರಲ್ಲಿ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಏರ್ಪಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ಅಡಿಗಟ್ಟಿನ ಜೋಡಣೆಗೆ ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದುದು ಮರುವರ್ಷ 93 ನಿಮಿಷಕ್ಕೆ ಇಳಿಯಿತು. 850 ಡಾಲರಿದ್ದ ಐವರ ಬಂಡಿಯ ಬೆಲೆ 1925ರಲ್ಲಿ 290 ಡಾಲರಾಯಿತು. ಏಕರೂಪತೆಯು ಬಂಡಿಯ ಹುಟ್ಟುಗುಣವಲ್ಲ, ಬೆಲೆಯನ್ನು ತಗ್ಗಿಸುವ ಉದ್ಯೋಗದಲ್ಲಿ ಬಂದು ಸೇರಿದುದು.

ಅದನ್ನು ನಡೆಸುವ ಕ್ರಮವೂ ವಿಲಕ್ಷಣವಾದುದು. ಕಾಲ ಬಳಿ ಮೂರು ಪೆಡಲುಗಳು: ಎಡಗಡೆಯದು ಗೇರು ಬದಲಿಸುವುದಕ್ಕೆ, ನಡುವಿನದು ಹಿಂದೆ ಸರಿಯುವುದಕ್ಕೆ, ಬಲಗಡೆಯದು ತಡೆಯುವುದಕ್ಕೆ. ಎಂಜಿನ್ನಿನ ವೇಗವನ್ನು ಹೆಚ್ಚಿಸುವುದು ಕೈಯಿಂದ. ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯಬೇಕಾಗಿದ್ದುದರಿಂದ, ತೊಟ್ಟಿಯಲ್ಲಿ ಅದು ಕಡಮೆಯಾದಾಗ ಕಡಿದಾದ ದಿಣ್ಣೆಯನ್ನು ಹಿಮ್ಮುಖವಾಗಿಯೇ ಹತ್ತಬೇಕಾಗುತ್ತಿತ್ತು! ಹೀಗಿದ್ದೂ 1927ರ ವೇಳೆಗೆ ಒಂದೂವರೆ ಕೋಟಿ ಬಂಡಿಗಳು ತಯಾರಾದುವು.

‘ಮಸ್ಟಾಂಗ್’ ಬಂಡಿಯು 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಪ್ರಕಟವಾಯಿತು. ನೀಳವಾದ ಮುಂಭಾಗ, ಮೊಟಕಾದ ಹಿಂಭಾಗ. ಮೂಲಬೆಲೆ 2,368 ಡಾಲರು. ಆರು ಸಿಲಿಂಡರಿನ ಎಂಜಿನ್ ಸಾಲದವರಿಗೆ ಎಂಟರದು. ಬಣ್ಣ, ಗೇರು, ಅಲಂಕಾರ ಎಲ್ಲವೂ ಕೊಳ್ಳುವವನ ಇಚ್ಛೆ. ಎರಡು ವರ್ಷಗಳೊಳಗೆ ಹತ್ತು ಲಕ್ಷ ಬಂಡಿಗಳಾದುವು. ಆದರೆ ಹೊದಿಕೆಯನ್ನು ತೆಗೆದು ನೋಡಿದರೆ, ಒಳಗಿನ ಭಾಗಗಳಲ್ಲಿ ಬಹುಪಾಲು ಅದೇ ಸಂಸ್ಥೆಯ ‘ಫಾಲ್ಕನ್’ ಎಂಬ ಸಾಧಾರಣ ಬಂಡಿಯವು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಸಾಮಾನ್ಯವು ಒಳಗೆ ಅಡಗಿತು. ವಿಶೇಷವು ಮೇಲೆ ತೋರಿತು.

ಆದುದರಿಂದ ಮಿತವ್ಯಯವೆಂಬ ಯುಕ್ತಿ ಎರಡಕ್ಕೂ ಸಮಾನ. ಭೇದವಿರುವುದು ಅದರ ಫಲದಲ್ಲಿ. ‘ಟೀ’ಯಲ್ಲಿ ಉಳಿತಾಯವು ಬೆಲೆಯ ಇಳಿತವಾಗಿ ಕೊಳ್ಳುವವನಿಗೆ ಸಂದಿತು, ‘ಮಸ್ಟಾಂಗ್’ನಲ್ಲಿ ಮೂಲಬೆಲೆ ಸುಲಭವಾಗಿ ಕಂಡರೂ, ಮೆಚ್ಚಿದ ಅಂಗಗಳನ್ನು ಕೂಡಿಸುತ್ತ ಹೋದಂತೆ ಅವನು ತೆರುವ ಹಣ ಏರುತ್ತಿದ್ದಿತು.